ಜಡೆ ಹಾಕಿದ ಹುಡುಗಿ, ಹಿಂದಿನಿಂದ

ಜೂನ್ 9

ನನ್ನ ಕುಳ್ಳಿಗೆ,

ಹೋದ ಪತ್ರದಲ್ಲಿ ಬರೆಯಲು ಏನೂ ಇಲ್ಲ ಎಂದಿದ್ದೆ. ಈ ಸಲ ಇದೆ. ಜೈಲಿನಲ್ಲಿ ಮೊದಲು ಬಟ್ಟೆ ಒಗೆಯುತ್ತಿದ್ದ ಉದ್ದನೆಯ ಕೋಣೆಯೊಂದಿದೆ. ಅಲ್ಲಿ ಮೊಸಾಯಿಕ್ ಕಲಿಸಲು ಶುರು ಮಾಡಿದ್ದಾರೆ. ಒಡೆದ ಟೈಲ್ಸು, ಒಡೆದ ತಟ್ಟೆ, ಬಟ್ಟಲು ಎಲ್ಲವನ್ನೂ ಇನ್ನಷ್ಟು ಸಣ್ಣ ಚೂರು ಮಾಡಿ, ಹಲಗೆಯ ಮೇಲೆ ಅಂಟಿಸಿ ಚಿತ್ರ ಮಾಡುವ ಕೆಲಸ. ಹನ್ನೆರಡು ಜನ ಹೆಂಗಸರು ಸೇರಿದ್ದೇವೆ. ಕಲಿಸುವವರಿಗೆ ಅರವತ್ತು ದಾಟಿದೆ. ಹಳೆಯ ಕಟ್ಟಡಗಳ ನೆಲ ರಿಪೇರಿ ಮಾಡಿ ಮಾಡಿ ಎರಡೂ ಮಂಡಿ ಸವೆಸಿಕೊಂಡವರು. ಹಾಗಾಗಿ ನಮ್ಮನ್ನೆಲ್ಲ ನಿಲ್ಲಿಸಿ ತಾವೊಬ್ಬರೇ ಸ್ಟೂಲಿನ ಮೇಲೆ ಕೂತಿರುತ್ತಾರೆ. ನಾವು ಅವರನ್ನು ಟೀಚರಮ್ಮ ಅನ್ನುತ್ತೇವೆ.

ಮೊದಲ ದಿನ ಟೈಲ್ಸ್ ಕತ್ತರಿಸುವ ಇಕ್ಕಳ ಕೊಟ್ಟರು. ನಾನು ಬಿಳಿ ಟೈಲ್ಸಿನ ನಟ್ಟನಡುವೆ ಇಟ್ಟು ಬಲವಾಗಿ ಒತ್ತಿದೆ. ಪುಡಿಪುಡಿಯಾಯಿತು. "ಮಧ್ಯಕ್ಕೆ ಕೈ ಹಾಕ್ಬೇಡಮ್ಮಾ. ಅಂಚನ್ನ ಒಂಚೂರು ಕಚ್ಚಿಸು, ಸಾಕು. ಮಿಕ್ಕಿದ್ದು ಅದೇ ಸೀಳ್ಕೊಳತ್ತೆ," ಅಂದರು. ಇನ್ನೊಂದು ಕೊಟ್ಟರು. ಅದೂ ಪುಡಿಯಾಯಿತು. ಹದಿನಾರು ವರ್ಷ ಕೂಸುಗಳ ನರ ಹುಡುಕಿ ಸೂಜಿ ಚುಚ್ಚಿದ ಕೈ, ಕುಳ್ಳಿ. ಒಂದು ಟೈಲ್ಸ್ ತುಂಡಿಗೆ ಸೋತಿತು.

"ಹೊರಗಡೆ ಏನ್ ಕೆಲಸ ಮಾಡ್ತಿದ್ದೆ?"

"ನರ್ಸು."

"ಹಾಗಾದ್ರೆ ಬರತ್ತೆ ಬಿಡು."

ನಾನು ಇಲ್ಲಿಗೆ ಯಾಕೆ ಬಂದೆ ಎಂದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಮುಖದಲ್ಲಿ ತೋರಿಸಲಿಲ್ಲ.

ಹೊಸ ಶಾಲೆಯಲ್ಲಿ "ನಿಮ್ಮಮ್ಮ ಎಲ್ಲಿ" ಅಂತ ಕೇಳಿದರೆ ಏನು ಹೇಳಲಿ ಎಂದು ಬರೆದಿದ್ದೆಯಲ್ಲ. ನಾಲ್ಕು ದಿನ ಅದನ್ನೇ ಯೋಚಿಸಿದೆ. "ಮೊಸಾಯಿಕ್ ಕಲಿಯೋಕೆ ಹೋಗಿದಾರೆ" ಅನ್ನು. ಅದು ಸುಳ್ಳಲ್ಲ.

ದೊಡ್ಡಮ್ಮನಿಗೆ ಕೆಲಸದಲ್ಲಿ ಕೈಜೋಡಿಸು. ಎದುರು ಮಾತಾಡಬೇಡ.

ನಿನ್ನ,
ಅಮ್ಮ


ಜೂನ್ 28

ಅಮ್ಮಾ,

ಮೊದಲನೆಯದಾಗಿ ನಾನೀಗ ಕುಳ್ಳಿ ಅಲ್ಲ. ಎಂಟನೇ ಕ್ಲಾಸಿನ ಹುಡುಗಿಯರಲ್ಲಿ ನಾನು ಮೂರನೇ ಎತ್ತರದವಳು. ಸಾಲಿನಲ್ಲಿ ಹಿಂದೆ ನಿಲ್ಲಿಸುತ್ತಾರೆ. ಆದರೂ ನೀನು ಹಾಗೇ ಕರೆ, ಪರವಾಗಿಲ್ಲ. ಈ ಪತ್ರವನ್ನು ಮೊದಲು ಓದುವ ಆಫೀಸಿನ ಮೇಡಂ ಮಾತ್ರ ಕರೆಯಬಾರದು.

ದೊಡ್ಡಮ್ಮನ ಮನೆಯಲ್ಲಿ ನನಗೂ ಅಕ್ಕನಿಗೂ ಒಂದೇ ಮಂಚ. ಅವಳು ಕಾಲೇಜಿಗೆ ಓದುವಾಗ ನಾನು ಮಾತಾಡಬಾರದು. ನಾನು ಓದುವಾಗ ಅವಳು ಫೋನಿನಲ್ಲಿ ಮಾತಾಡಬಹುದು. ದೊಡ್ಡಪ್ಪ ಒಳ್ಳೆಯವರು, ಆದರೆ ನಾನು ಎದುರಿಗೆ ಬಂದರೆ "ಓದಾಯ್ತಾ?" ಅಂತ ಮಾತ್ರ ಕೇಳುತ್ತಾರೆ. ಬೆಳಿಗ್ಗೆ ಮುಖ ತೊಳೆಯೋಕೆ ಹೋಗುವಾಗಲೂ ಕೇಳಿದರು.

ನೀನು ಹೇಳಿದ ಹಾಗೇ ಹೇಳಿದೆ. ನನ್ನ ಬೆಂಚಿನ ಕನ್ನಡಕದವಳು ಕೇಳಿದ್ದಳು. "ಅಮ್ಮ ಮೊಸಾಯಿಕ್ ಕಲಿಯೋಕೆ ಹೋಗಿದಾರೆ" ಅಂದೆ. "ಅಷ್ಟು ದಿನ ಕಲಿಯೋದಿರತ್ತಾ?" ಅಂದಳು. ಎರಡು ವರ್ಷದ ಕೋರ್ಸು, ದೊಡ್ಡ ಶಾಲೆ, ಸುತ್ತ ಎತ್ತರದ ಗೋಡೆ, ಎಲ್ಲರನ್ನೂ ಸೇರಿಸಿಕೊಳ್ಳಲ್ಲ ಅಂದೆ. ಒಂದೂ ಸುಳ್ಳಿಲ್ಲ ನೋಡು! ಅವಳು ಹೋಗಿ ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದ್ದಾಳೆ. ಅವರಿಗೆ ಬಹಳ ಖುಷಿ. "ನಿಮ್ಮಮ್ಮ ರಜೆಗೆ ಬಂದಾಗ ಕ್ಲಾಸಿಗೆ ಕರ್ಕೊಂಡ್ ಬಾ" ಅಂದರು. ಹೂಂ ಅಂದೆ.

ಇನ್ನೊಂದು ಕೇಳಬೇಕು. ದೊಡ್ಡಮ್ಮ ಯಾವಾಗಲೂ "ನಿಮ್ಮಮ್ಮನದೇನೂ ತಪ್ಪಿಲ್ಲ" ಅನ್ನುತ್ತಾರೆ. ಮತ್ತೆ ಯಾಕೆ ಅಲ್ಲಿದ್ದೀಯ? ನನಗೆ ಹೇಳಬಹುದು. ನಾನು ಅಳಲ್ಲ.

ಇಂತಿ,
ಮೂರನೇ ಎತ್ತರದವಳು


ಜುಲೈ 19

ಕುಳ್ಳಿ,

ದೊಡ್ಡಮ್ಮ ಹಾಗೆ ಹೇಳುವುದು ಪ್ರೀತಿಯಿಂದ. ತಪ್ಪು ನನ್ನದೇ.

ಅವತ್ತು ಬರಬೇಕಾದ ಇನ್ನೊಬ್ಬ ನರ್ಸು ಬರಲಿಲ್ಲ. ನಾನು ಎರಡು ಪಾಳಿ ಸೇರಿಸಿ ಮಾಡಿದೆ. ಒಂಬತ್ತನೇ ಹಾಸಿಗೆಯವರಿಗೆ ಕೊಡಬೇಕಾಗಿದ್ದ ಇಂಜೆಕ್ಷನ್ನನ್ನು ಏಳನೇ ಹಾಸಿಗೆಯವರಿಗೆ ಕೊಟ್ಟೆ. ಕೊಡುವ ಮೊದಲು ಹೆಸರು ಕೇಳಬೇಕು, ಚೀಟಿ ನೋಡಬೇಕು. ನಾನು ಕೇಳಲಿಲ್ಲ. ಅವರು ನನ್ನನ್ನು ನೋಡಿ "ಥ್ಯಾಂಕ್ಸ್ ಸಿಸ್ಟರ್" ಅಂದರು. ಮೂವತ್ತನಾಲ್ಕು ವರ್ಷ. ಅರ್ಧ ಗಂಟೆಯಲ್ಲಿ ಹೋದರು. ಯಾರೂ ಕೇಳುವ ಮೊದಲೇ ನಾನೇ ಹೇಳಿದೆ. ಸುಸ್ತಾಗಿತ್ತು ಅನ್ನುವುದು ನಿಜ, ಆದರೆ ಅದು ಅವರ ಮನೆಯವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ನೀನು ಕೇಳಿದ್ದು ಒಳ್ಳೆಯದಾಯಿತು. ಅತ್ತರೂ ಅಳು, ಪರವಾಗಿಲ್ಲ.

ಈಗ ತರಗತಿಯ ವಿಷಯ. ಒಬ್ಬೊಬ್ಬರೂ ಎರಡಡಿ ಹಲಗೆಯ ಮೇಲೆ ತಮ್ಮದೇ ಚಿತ್ರ ಮಾಡಬೇಕು ಎಂದು ಟೀಚರಮ್ಮ ಹೇಳಿದರು. ಪಕ್ಕದವಳು ಮೀನು ಮಾಡುತ್ತಿದ್ದಾಳೆ. ಅದು ಈಗ ಇಸ್ತ್ರಿ ಪೆಟ್ಟಿಗೆಯ ಹಾಗಿದೆ, ಹೇಳಿದರೆ ಸಿಟ್ಟು ಬರುತ್ತದೆ ಅವಳಿಗೆ. ನಾನು ನಿನ್ನನ್ನು ಮಾಡಲು ಹೊರಟೆ. ಮುಖ ಬರೆಯಲು ಕೂತರೆ ಬರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಆದರೆ ಅದು ಹೋದ ವರ್ಷದ ಮುಖ. ನಿನ್ನ ಮುಖ ಈಗ ಹೇಗಿದೆಯೋ ನನಗೆ ಗೊತ್ತಿಲ್ಲವಲ್ಲ. ಕೊನೆಗೆ ಹಿಂದಿನಿಂದ ಬರೆದೆ. ಎಂಟು ವರ್ಷ ದಿನಾ ಬೆಳಿಗ್ಗೆ ನಿನ್ನ ಬೆನ್ನ ಹಿಂದೆ ನಿಂತು ಜಡೆ ಹಾಕಿದವಳು ನಾನು. ನಡು ಬೈತಲೆ ಕತ್ತಿನ ಹತ್ತಿರ ಸ್ವಲ್ಪ ಎಡಕ್ಕೆ ತಿರುಗುತ್ತದೆ. ಬಲಗಡೆಯ ಜಡೆ ಯಾವಾಗಲೂ ಸಡಿಲ, ಯಾಕೆಂದರೆ ಅಷ್ಟರಲ್ಲಿ ನೀನು ಎದ್ದು ಓಡುತ್ತಿದ್ದೆ. ಅದೆಲ್ಲ ನೋಡದೆಯೇ ಬರೆದೆ.

ಕೂದಲಿಗೆ ಕಪ್ಪು ಟೈಲ್ಸು ಒಂದೇ ಸಾಲದು ಎಂದು ಟೀಚರಮ್ಮ ಕಂದು, ಕಡುನೀಲಿ ಚೂರುಗಳನ್ನೂ ಕೊಟ್ಟರು. ಒಂದೊಂದು ಎಳೆಗೂ ಚೂರುಗಳು ಒಂದರ ಹಿಂದೆ ಒಂದು ಇರುವೆ ಸಾಲಿನ ಹಾಗೆ ಹೋಗಬೇಕು. ನಡುವೆ ಅಕ್ಕಿಕಾಳಿನಷ್ಟು ಸಂದಿ. ಒಂದು ಜಡೆಗೆ ಹನ್ನೊಂದು ದಿನ ಹಿಡಿಯಿತು. ದಿನಾ ತರಗತಿ ಮುಗಿದ ಮೇಲೆ ಇಕ್ಕಳಗಳನ್ನು ಎಣಿಸುತ್ತಾರೆ. ಹನ್ನೆರಡೂ ಸಿಗುವವರೆಗೆ ಯಾರೂ ಅಲ್ಲಾಡುವಂತಿಲ್ಲ. ನಾನು ಅಲ್ಲಿ ನಿಂತು ಜಡೆಯನ್ನೇ ನೋಡುತ್ತಿರುತ್ತೇನೆ.

ಈಗ ನಿನ್ನ ಕೂದಲು ಎಷ್ಟುದ್ದ? ಸೊಂಟದವರೆಗೆ ಬಂತಾ? ಅಳೆದು ಬರೆ.

ಅಮ್ಮ


ಆಗಸ್ಟ್ 14

ಅಮ್ಮಾ,

ಕೂದಲು ಕತ್ತರಿಸಿದರು. ಕಿವಿಯವರೆಗೆ ಇದೆ. ಜುಲೈ ಮೊದಲಲ್ಲೇ ಕತ್ತರಿಸಿದ್ದು, ನಿನಗೆ ಹೇಳಿರಲಿಲ್ಲ. ಬೆಳಿಗ್ಗೆ ದೊಡ್ಡಮ್ಮನಿಗೆ ಆಫೀಸಿಗೆ ಹೊತ್ತಾಗುತ್ತೆ, ಅಕ್ಕನೂ ಬೇಗ ಹೋಗುತ್ತಾಳೆ, ನನಗೆ ಎರಡು ಜಡೆ ನೆಟ್ಟಗೆ ಹಾಕಿಕೊಳ್ಳೋಕೆ ಬರಲ್ಲ. ಶಾಲೆಯಲ್ಲಿ ಎರಡು ಸಲ ಬೈದರು. ದೊಡ್ಡಮ್ಮ "ಕತ್ತರಿಸೋಣ್ವಾ?" ಅಂತ ಕೇಳಿಯೇ ಕತ್ತರಿಸಿದ್ದು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಈ ತಿಂಗಳೂ ಬರೋಕೆ ಆಗಲ್ಲ. ದೊಡ್ಡಪ್ಪನಿಗೆ ರಜೆ ಸಿಗಲಿಲ್ಲ. ಬಸ್ಸಿನಲ್ಲಿ ಹೋಗೋಕೆ ಆರು ಗಂಟೆ, ಬರೋಕೆ ಆರು ಗಂಟೆ, ಒಳಗೆ ಬಿಡೋದು ಇಪ್ಪತ್ತು ನಿಮಿಷ.

ಏಳನೇ ಹಾಸಿಗೆಯ ವಿಷಯ ಮೂರು ಸಲ ಓದಿದೆ. ಅವರಿಗೆ ಮಕ್ಕಳಿದ್ದರಾ?

ಇಂತಿ ನಿನ್ನ ಮಗಳು


ಸೆಪ್ಟೆಂಬರ್ 11

ಕುಳ್ಳಿ,

ಇದ್ದಾನೆ, ಒಬ್ಬ ಮಗ. ಕೋರ್ಟಿನಲ್ಲಿ ಒಂದೇ ದಿನ ನೋಡಿದೆ. ತನ್ನ ಅಮ್ಮನ ಕೈ ಹಿಡಿದು ಕೂತಿದ್ದ. ನನಗೆ ಅವರೊಡನೆ ಮಾತಾಡುವ ಧೈರ್ಯ ಬರಲಿಲ್ಲ. ಈಗಲೂ ಇಲ್ಲ.

ನಿನ್ನ ಕೂದಲಿನ ವಿಷಯ ಓದಿದ ದಿನ ತರಗತಿಗೆ ಹೋಗಲಿಲ್ಲ. ದೊಡ್ಡಮ್ಮನ ಮೇಲೆ ಕೋಪವಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಇಲ್ಲದ ಜಡೆಯನ್ನು ಅಷ್ಟು ದಿನ ಒಂದೊಂದೇ ಚೂರು ಆರಿಸಿ ಹಚ್ಚುತ್ತಿದ್ದೆನಲ್ಲ ಅನ್ನಿಸಿತು. ಮಾರನೆಯ ದಿನ ಟೀಚರಮ್ಮನನ್ನು ಕೇಳಿದೆ, "ಇದನ್ನ ಕಿತ್ತು ಗಿಡ್ಡ ಕೂದಲು ಮಾಡಬಹುದಾ?" ಅಂತ. ಅವರು ಉಗುರಿನಿಂದ ಒಂದು ಚೂರನ್ನು ಅಲ್ಲಾಡಿಸಿ ನೋಡಿದರು. "ಅಂಟು ಒಣಗಿ ಕಲ್ಲಾಗಿದೆ. ಕಿತ್ರೆ ಹಲಗೆ ಸಮೇತ ಬರತ್ತೆ. ಇರ್ಲಿ ಬಿಡು," ಅಂದರು. ಬಿಟ್ಟೆ.

ಮೊನ್ನೆ ಸಂದಿಗಳಿಗೆ ಸಿಮೆಂಟಿನ ಹಿಟ್ಟು ತುಂಬಿದೆವು. ಗ್ರೌಟ್ ಅನ್ನುತ್ತಾರೆ. ರಾಡಿಯ ಹಾಗೆ ಕಲಸಿ ಇಡೀ ಚಿತ್ರದ ಮೇಲೆ ಬಳಿಯಬೇಕು. ಬಳಿದ ಮೇಲೆ ಜಡೆಯೂ ಇಲ್ಲ, ರಿಬ್ಬನ್ನೂ ಇಲ್ಲ, ಬರೀ ಬೂದು ಬಣ್ಣದ ಕೆಸರು. ಇಸ್ತ್ರಿ ಪೆಟ್ಟಿಗೆಯ ಮೀನಿನವಳು ಗೊಳೋ ಎಂದು ಅತ್ತೇಬಿಟ್ಟಳು. "ಹಾಳಾಯ್ತು ಟೀಚರಮ್ಮಾ, ಮೂರು ತಿಂಗಳ ಕೆಲಸ!" ಅಂತ. ಇಪ್ಪತ್ತು ನಿಮಿಷ ಕಾದು ಒದ್ದೆ ಸ್ಪಂಜಿನಲ್ಲಿ ಮೆಲ್ಲಗೆ ಒರೆಸಿದರೆ ಒಂದೊಂದೇ ಬಣ್ಣ ಮೇಲೆ ಬಂತು.

ಚಿತ್ರಗಳೆಲ್ಲ ಪ್ರದರ್ಶನಕ್ಕೆ ಹೋಗುತ್ತವಂತೆ, ಮೂರು ಊರುಗಳಿಗೆ. ನಿನ್ನೆ ಪತ್ರಿಕೆಯವರೂ ಬಂದಿದ್ದರು. ಫೋಟೋ ತೆಗೆಯಲು ಒಪ್ಪಿಗೆ ಇದೆಯಾ ಎಂದು ಕಾಗದ ಕೊಟ್ಟರು. ಸಹಿ ಹಾಕಿದೆ. ಪತ್ರಿಕೆಯ ಹುಡುಗಿ ನನ್ನ ಹಲಗೆಯ ಮುಂದೆ ತುಂಬ ಹೊತ್ತು ನಿಂತಿದ್ದಳು. "ಇದು ಯಾರು?" ಅಂದಳು. ಇಲ್ಲಿಗೆ ಬಂದ ಮೇಲೆ ನಿನ್ನ ವಿಷಯ ನನ್ನನ್ನು ಕೇಳಿದವರು ಅವಳೊಬ್ಬಳೇ, ಕುಳ್ಳಿ. "ನನ್ನ ಮಗಳು" ಅಂದೆ. ಆಮೇಲೆ ಮಾತು ನಿಲ್ಲಲೇ ಇಲ್ಲ.

ಅಮ್ಮ


ಅಕ್ಟೋಬರ್ 5

ತಂಗಿ,

ಈ ಸಲ ನಾನೇ ಬರೆಯುತ್ತಿದ್ದೇನೆ. ನಿನ್ನ ಮಗಳು ಬರೆಯುವುದಿಲ್ಲ ಅಂದಿದ್ದಾಳೆ.

ಪತ್ರಿಕೆಯಲ್ಲಿ ನಿನ್ನ ಫೋಟೋ ಬಂದಿದೆ. ಆ ಚಿತ್ರದ ಪಕ್ಕ ನಿಂತು ನಗುತ್ತಿದ್ದೀಯ. ಕೆಳಗೆ ನಿನ್ನ ಹೆಸರು, ಕೆಲಸ, ಏನು ಮಾಡಿ ಒಳಗೆ ಹೋದೆ ಎನ್ನುವುದು, ಎಲ್ಲ ಇದೆ. ನಾವು ಆ ಪತ್ರಿಕೆ ತರಿಸುವುದಿಲ್ಲ, ನಮಗೆ ಗೊತ್ತಾಗಲಿಲ್ಲ. ಅವಳ ಡ್ರಾಯಿಂಗ್ ಮೇಷ್ಟ್ರು ತರಿಸುತ್ತಾರೆ. ಮೊಸಾಯಿಕ್ ಅಂತ ಕಂಡಿದ್ದೇ, ಪೂರ್ತಿ ಓದದೆ ಕತ್ತರಿಸಿ ಕ್ಲಾಸಿಗೆ ತಂದಿದ್ದಾರೆ. ಪಾಪ, ಅವರಿಗೇನು ಗೊತ್ತು. "ಇವಳಮ್ಮ ಕಲಿಯುತ್ತಿರುವುದು ಇದನ್ನೇ" ಎಂದು ಅವಳನ್ನೇ ಎಬ್ಬಿಸಿ ಜೋರಾಗಿ ಓದಲು ಹೇಳಿದರಂತೆ. ಅವಳು ಓದಲು ಶುರು ಮಾಡಿದ್ದಾಳೆ. ನಿನ್ನ ಹೆಸರು ಬಂದಿದೆ. ನಿಲ್ಲಿಸಿದ್ದಾಳೆ. "ಓದು, ಓದು" ಎಂದು ಮೇಷ್ಟ್ರು ಕಾಗದ ಇಸಿದುಕೊಂಡು ತಾವೇ ಮುಂದಿನ ಸಾಲು ಓದಿಬಿಟ್ಟಿದ್ದಾರೆ. ಓದುತ್ತಾ ಓದುತ್ತಾ ಅವರಿಗೂ ಅರ್ಥವಾಗಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಮನುಷ್ಯ ಸಂಜೆ ನಮ್ಮ ಮನೆಗೇ ಬಂದರು. ಬಾಗಿಲಲ್ಲಿ ನಿಂತು "ನನ್ನಿಂದ ತಪ್ಪಾಯ್ತು" ಎಂದು ಅತ್ತರು. ಅವಳು ಕೋಣೆಯಿಂದ ಹೊರಗೆ ಬರಲಿಲ್ಲ.

ಬೆಂಚಿನ ಹುಡುಗಿ ಜಾಗ ಬದಲಾಯಿಸಿದ್ದಾಳೆ. ಇವಳು ಆರು ದಿನ ಶಾಲೆಗೆ ಹೋಗಲಿಲ್ಲ, ಈಗ ಹೋಗುತ್ತಿದ್ದಾಳೆ. ಯಾರೊಡನೆಯೂ ಮಾತಿಲ್ಲ. ನಿನ್ನ ಪತ್ರಗಳನ್ನೆಲ್ಲ ತಂದು ನನ್ನ ಕೈಗಿಟ್ಟು "ನೀವೇ ಇಟ್ಕೊಳ್ಳಿ ದೊಡ್ಡಮ್ಮ" ಅಂದಳು. ಬೀರುವಿನಲ್ಲಿಟ್ಟಿದ್ದೇನೆ.

ನಿನ್ನ ಮೇಲೆ ಕೋಪವಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಮಾತು ನಮ್ಮನ್ನು ಕೇಳಬಹುದಿತ್ತು. ನಿನ್ನ ಭಾವ "ಅವಳಿಗೆ ಅಲ್ಲಿ ಇನ್ನೇನಿದೆ, ಬಿಡು" ಅನ್ನುತ್ತಾರೆ. ಅದೂ ನಿಜವೇ. ಏನು ಮಾಡಬೇಕೋ ನನಗೂ ತಿಳಿಯುತ್ತಿಲ್ಲ ಕಣೇ. ಬೆಳಿಗ್ಗೆ ಅವಳ ಕೂದಲು ಬಾಚಲು ಹೋದರೆ ಬಾಚಣಿಗೆ ಕಸಿದುಕೊಳ್ಳುತ್ತಾಳೆ.

ನಿನ್ನ ಅಕ್ಕ


ಅಕ್ಟೋಬರ್ 12

ಕುಳ್ಳಿ,

ದೊಡ್ಡಮ್ಮನ ಪತ್ರ ಬಂತು.

ಓದಿದ ತಕ್ಷಣ ಸೂಪರಿಂಟೆಂಡೆಂಟ್ ಆಫೀಸಿನ ಮುಂದೆ ಹೋಗಿ ನಿಂತೆ. ಎರಡು ದಿನ ಒಳಗೆ ಬಿಡಲಿಲ್ಲ. ಮೂರನೇ ದಿನ ಬಿಟ್ಟರು. "ನನ್ನ ಚಿತ್ರ ವಾಪಸ್ ಬೇಕು ಮೇಡಂ. ಎಲ್ಲೂ ತೋರಿಸ್ಬೇಡಿ," ಅಂದೆ.

"ವ್ಯಾನ್ ಹೊರಟು ಹದಿನೈದು ದಿನ ಆಯ್ತಲ್ಲಮ್ಮಾ."

"ಗೋಡೆಯಿಂದ ತೆಗೆಸಿದರೂ ಸಾಕು. ಹೆಸರಾದರೂ ಅಳಿಸಿಬಿಡಿ."

ಅವರು ಒಂದು ಫೈಲು ತೆಗೆದು ಒಪ್ಪಿಗೆಯ ಕಾಗದ ತೋರಿಸಿದರು. "ಸಹಿ ನಿಮ್ಮದೇ ತಾನೇ?"

ನನ್ನದೇ. ದುಂಡಗೆ, ಸಂತೋಷದಿಂದ ಹಾಕಿದ ಸಹಿ. ಅವರು ಗದರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಪ್ರದರ್ಶನ ಕೊನೆಗೆ ಬರುವುದು ನಿಮ್ಮ ಊರಿಗೇ, ಡಿಸೆಂಬರಿನಲ್ಲಿ, ಪುರಸಭೆಯ ಹಾಲಿನಲ್ಲಿ. ಇದನ್ನು ನಾನೇ ಮೊದಲು ಹೇಳಬೇಕು ಎಂದು ಬರೆಯುತ್ತಿದ್ದೇನೆ. ಆ ವಾರ ಆ ರಸ್ತೆಯಲ್ಲಿ ಹೋಗಬೇಡ. ಶಾಲೆಯಿಂದ ಕರೆದುಕೊಂಡು ಹೋದರೆ ಜ್ವರ ಅನ್ನು. ಅಷ್ಟು ಸುಳ್ಳು ಹೇಳಬಹುದು.

ನಾನು ಹೇಳಿಕೊಟ್ಟ ಮಾತಿನಿಂದಲೇ ಇಷ್ಟೂ ಆಯಿತು. "ಅದು ಸುಳ್ಳಲ್ಲ" ಎಂದು ಜಾಣತನ ತೋರಿಸಿದೆ. ನಿನಗೆ ಹದಿಮೂರು ವರ್ಷ. ನೀನು ನಂಬಿದೆ.

ಇಲ್ಲಿ ಕೂತು ನಾನು ಏನೂ ಮಾಡಲಾರೆ. ನಿನ್ನ ಶಾಲೆಗೆ ಬರಲಾರೆ, ಬೆಂಚಿನ ಹುಡುಗಿಯ ಮನೆಗೆ ಹೋಗಿ ಅವರಮ್ಮನ ಹತ್ತಿರ ಮಾತಾಡಲಾರೆ, ಬಾಗಿಲ ಹೊರಗೆ ನಿಂತು ನಿನ್ನನ್ನು ಕರೆಯಲೂ ಆರೆ. ತಪ್ಪಾಯಿತು.

ಅಮ್ಮ


ನವೆಂಬರ್ 20

ಕುಳ್ಳಿ,

ಮೊಸಾಯಿಕ್ ತರಗತಿ ಮುಗಿಯಿತು. ಟೀಚರಮ್ಮನ ಮಂಡಿಗೆ ಆಪರೇಷನ್ ಅಂತೆ. ಹೋಗುವಾಗ ಎಲ್ಲರ ಕೈಯನ್ನೂ ಹಿಡಿದು ನೋಡಿದರು. ನನ್ನ ಹೆಬ್ಬೆರಳಿನ ಮೇಲೆ ಟೈಲ್ಸ್ ತಾಗಿದ ಗಾಯದ ಗೆರೆ ಇದೆ. "ಕೆಲಸ ಬಂತು ನಿನಗೆ. ಹೊರಗೆ ಬಂದ್ಮೇಲೆ ನನ್ನ ಹತ್ರ ಬಾ, ನೆಲದ ಕೆಲಸ ಬೇಕಾದಷ್ಟಿದೆ," ಅಂದರು. ಇನ್ನು ಯಾವ ಆಸ್ಪತ್ರೆಯೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲವಲ್ಲ, ಹಾಗಾಗಿ ಆಗಲಿ ಅಂದೆ. ಅದಕ್ಕಿನ್ನೂ ಒಂದು ವರ್ಷವಿದೆ.

ಆ ಕೋಣೆಯಲ್ಲಿ ಈಗ ಹಳೆಯ ಮಂಚಗಳನ್ನು ಪೇರಿಸಿಟ್ಟಿದ್ದಾರೆ.

ದೊಡ್ಡಮ್ಮ ಈ ಪತ್ರವನ್ನೂ ಬೀರುವಿನಲ್ಲಿ ಇಡುತ್ತಾಳೇನೋ. ಇಡಲಿ. ಉತ್ತರ ಬರೆ ಎಂದು ಕೇಳುವುದಿಲ್ಲ. ನಾನು ಬರೆಯುವುದನ್ನು ಮಾತ್ರ ನಿಲ್ಲಿಸಲಾರೆ.

ಅಮ್ಮ


ಡಿಸೆಂಬರ್ 16

ಅಮ್ಮಾ,

ಬೀರುವಿನ ಬೀಗದ ಕೈ ಎಲ್ಲಿರುತ್ತೆ ಅಂತ ನನಗೆ ಗೊತ್ತು. ಎಲ್ಲಾ ಪತ್ರ ಓದಿದ್ದೇನೆ.

ಶಾಲೆಯಿಂದ ಪ್ರದರ್ಶನಕ್ಕೆ ಕರೆದುಕೊಂಡು ಹೋಗಲಿಲ್ಲ. ಡ್ರಾಯಿಂಗ್ ಮೇಷ್ಟ್ರೇ ಬೇಡ ಅಂದರಂತೆ. ಅವರು ಈಗಲೂ ನನ್ನ ಬೆಂಚಿನ ಹತ್ತಿರ ಬಂದರೆ ನೆಲ ನೋಡುತ್ತಾರೆ. ನಿನ್ನೆ ಕೊನೆಯ ದಿನ. ಟ್ಯೂಷನ್ ಇದೆ ಅಂತ ದೊಡ್ಡಮ್ಮನಿಗೆ ಸುಳ್ಳು ಹೇಳಿ ಒಬ್ಬಳೇ ಹೋದೆ. ನೀನು ಹೋಗಬೇಡ ಅಂದಿದ್ದೆ, ಗೊತ್ತು.

ಹಾಲಿನಲ್ಲಿ ಹೆಚ್ಚು ಜನ ಇರಲಿಲ್ಲ. ಮೀನು ಸಿಕ್ಕಿತು. ನಿಜವಾಗಿಯೂ ಇಸ್ತ್ರಿ ಪೆಟ್ಟಿಗೆ ಹಾಗೇ ಇದೆ. ನನ್ನದು ಬಲಗಡೆಯ ಗೋಡೆಯಲ್ಲಿತ್ತು. ಫೋಟೋದಲ್ಲಿ ಅಷ್ಟು ಚೂರುಗಳಿವೆ ಅಂತ ಗೊತ್ತಾಗಿರಲಿಲ್ಲ. ನನ್ನ ಕತ್ತಿನ ಹಿಂಭಾಗ ನಾನು ಯಾವತ್ತೂ ನೋಡೇ ಇರಲಿಲ್ಲ ಅಮ್ಮಾ. ಯಾರು ನೋಡ್ತಾರೆ? ಕೈ ಹಾಕಿ ನೋಡಿಕೊಂಡೆ. ಬೈತಲೆ ಎಡಕ್ಕೆ ತಿರುಗೋದು ಈಗಲೂ ಇದೆ.

ಒಬ್ಬರು ಹೆಂಗಸು ಬಂದು ನನ್ನ ಪಕ್ಕ ನಿಂತರು. ಕೈಯಲ್ಲಿ ತರಕಾರಿ ಚೀಲ ಇತ್ತು. ತುಂಬಾ ಹೊತ್ತು ನೋಡಿ, "ಎಷ್ಟ್ ಚೆನ್ನಾಗಿದೆ ಅಲ್ವಾ? ಜಡೆ ಒಂದು ಬಿಚ್ಚೋಗ್ತಾ ಇದೆ ನೋಡು. ಯಾರು ಮಾಡಿದ್ದೋ!" ಅಂದರು. ನನ್ನನ್ನೇ ಕೇಳಿದ್ದು. ಕೆಳಗೆ ನಿನ್ನ ಹೆಸರಿನ ಚೀಟಿ ಇತ್ತು, ಅವರು ಕನ್ನಡಕ ತಂದಿರಲಿಲ್ಲ ಅನ್ನಿಸುತ್ತೆ.

"ಗೊತ್ತಿಲ್ಲ" ಅಂದೆ.

ಅಂದು ಸೀದಾ ಹೊರಗೆ ಬಂದುಬಿಟ್ಟೆ. ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತೆ. ನನ್ನ ಬಸ್ಸು ಬಂತು. ಹತ್ತಲಿಲ್ಲ. ವಾಪಸ್ ಓಡಿದೆ. ಅವರಿಗೆ ಹೇಳಬೇಕು ಅಂತ ಓಡಿದ್ದು. ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಹಾಲಿನಲ್ಲೂ ಇಲ್ಲ, ಮೆಟ್ಟಿಲಿನ ಹತ್ತಿರವೂ ಇಲ್ಲ. ತರಕಾರಿ ಚೀಲ ಹಿಡಿದವರು ರಸ್ತೆಯಲ್ಲಿ ಎಷ್ಟೋ ಜನ ಇದ್ದರು, ಯಾರೂ ಅವರಲ್ಲ. ಮತ್ತೆ ಒಳಗೆ ಹೋಗಿ ಚಿತ್ರದ ಮುಂದೆ ನಿಂತೆ. ಯಾರಾದರೂ ಬಂದು ಇನ್ನೊಂದು ಸಲ ಕೇಳಲಿ ಅಂತ ಕಾದೆ. ಯಾರೂ ಬರಲಿಲ್ಲ.

ಐದೂವರೆಗೆ ಹಾಲಿನ ಕಾವಲಿನವರು ಒಂದೊಂದೇ ದೀಪ ಆರಿಸುತ್ತಾ ಬಂದರು. ವಯಸ್ಸಾದವರು. ನನ್ನ ಗೋಡೆಯ ಹತ್ತಿರ ಬಂದಾಗ ಅವರಿಗೇ ಹೇಳಿದೆ.

"ಇದು ನಮ್ಮಮ್ಮ ಮಾಡಿದ್ದು."

ಅವರು ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. "ಸರಿ ಕಣಮ್ಮಾ, ಹೊರಡು. ಬಾಗಿಲು ಹಾಕ್ಬೇಕು," ಅಂದರು.

ನಿನ್ನ,
ಕುಳ್ಳಿ